‘ಇರು’ ಮತ್ತು ‘ಹ್ಯಾವ್’

ಇಂಗ್ಲಿಷ್ ವ್ಯಾಕರಣವೆಂದರೆ ನಮ್ಮ ಬಾಗಲಕೋಟೆ ಸೀಮೆಯ ಹುಡುಗರಿಗೆ ಹನ್ನೆರಡು ಕಾಲಗಳ ಒಂದು ಕೋಷ್ಟಕ. ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ; ಅರ್ಜಿ ಬರೆಯಲು ಕುಳಿತಾಗ ತಡವರಿಸುತ್ತಾರೆ. ಅವರನ್ನು ದಡ್ಡರೆನ್ನುವುದು ಅನ್ಯಾಯ. ಕೋಷ್ಟಕವನ್ನು ಕಲಿಸುವಾಗ ಕನ್ನಡವನ್ನು ಬಾಗಿಲಾಚೆ ನಿಲ್ಲಿಸುವುದೇ ತೊಡಕಿಗೆ ಮೂಲವೆಂದು ಕನ್ನಡದ ಮೇಷ್ಟರಾದ ನನ್ನ ಎಣಿಕೆ.

ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಹೇಳಿದ್ದು ಮೂರು ಕಾಲಗಳನ್ನು. ಆದರೆ ಮಾತನಾಡುವವನಿಗೆ ಮೂರೇ ಸಾಲವು. ಇಳಕಲ್ಲಿನ ನೇಕಾರನು ‘ನೇಯ್ದೆ’ ಎನ್ನುತ್ತಾನೆ, ‘ನೇಯ್ದಿದ್ದೇನೆ’ ಎನ್ನುತ್ತಾನೆ, ಮಗ್ಗದಿಂದ ಏಳದೆಯೇ ‘ನೇಯಾಕ ಹತ್ತೇನಿ’ ಎಂದೂ ಎನ್ನುತ್ತಾನೆ. ಈ ಕೊನೆಯದು ಗ್ರಂಥಭಾಷೆಯ ‘ನೇಯುತ್ತಿದ್ದೇನೆ’. ಇಂಗ್ಲಿಷಿನ ಕಂಟಿನ್ಯುಅಸ್ ಇದೇ: ಹಿಡಿದ ಕೆಲಸ, ಇನ್ನೂ ಬಿಟ್ಟಿಲ್ಲ. ಅಲ್ಲಿ ‘ಆಮ್’, ‘ಈಸ್’. ಇಲ್ಲಿ ‘ಇರು’, ಆಡುಮಾತಿನಲ್ಲಿ ‘ಹತ್ತು’.

ಸೂಕ್ಷ್ಮವಿರುವುದು ಪರ್ಫೆಕ್ಟ್ ಎಂಬುದರಲ್ಲಿ. ಹೆಸರೇ ದಾರಿ ತಪ್ಪಿಸುತ್ತದೆ. ‘ಮುಗಿದದ್ದು’ ಎಂದು ಅರ್ಥ ಹೇಳಿಬಿಡುತ್ತಾರೆ. ಮುಗಿದದ್ದನ್ನು ಸಾದಾ ಭೂತಕಾಲವೇ ಹೇಳುತ್ತದಲ್ಲ! ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎಳೆಗೆ ಎಳೆಯನ್ನು ಕುಣಿಕೆಯಾಗಿ ಸಿಲುಕಿಸಿ ಎರಡನ್ನೂ ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ‘ಹ್ಯಾವ್’ ಅಂಥದೊಂದು ಕೊಂಡಿ. ಹಿಂದೆ ನಡೆದದ್ದನ್ನು ಈಗಿನದಕ್ಕೆ ಸಿಲುಕಿಸುತ್ತದೆ.

ಬಾದಾಮಿಯ ಮೂರನೆಯ ಗುಹೆಯನ್ನೇ ನೋಡಿ. ಮಂಗಳೇಶನು ಅದನ್ನು 578ರಲ್ಲಿ ಮಾಡಿಸಿದನೆಂದು ಅಲ್ಲಿಯ ಶಾಸನದಿಂದ ತಿಳಿಯುತ್ತದೆ. ಕಳೆದುಹೋದ ಇಸವಿಯನ್ನು ಹೆಸರಿಸಿದೊಡನೆ ಇಂಗ್ಲಿಷಿನಲ್ಲಿ ಈ ‘ಹ್ಯಾವ್’ಗೆ ಪ್ರವೇಶವಿಲ್ಲ, ಸಾದಾ ಭೂತಕಾಲವೇ ಸರಿ. ಆದರೆ ಗುಹೆ ಅಂದಿನಿಂದ ಇಂದಿನವರೆಗೆ ನಿಂತೇ ಇದೆಯಲ್ಲ, ಅದಕ್ಕೆ ‘ಹ್ಯಾಸ್ ಸ್ಟುಡ್’ ಬೇಕು. ಕನ್ನಡಕ್ಕೆ ಈ ಮಡಿ ಇಲ್ಲ. ‘578ರಲ್ಲಿ ಮಾಡಿಸಿದ್ದಾನೆ’ ಎಂದರೂ ನಮ್ಮ ಕಿವಿ ಒಪ್ಪುತ್ತದೆ. ‘ನಿನ್ನೆ ನೋಡಿದ್ದೇನೆ’ ಎಂಬುದು ಒಳ್ಳೆಯ ಕನ್ನಡ. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎಂಬ ತಪ್ಪು ಹುಟ್ಟುವುದು ಅದರ ಹೊಟ್ಟೆಯಲ್ಲಿಯೇ.

ಇನ್ನೊಂದು ತಪ್ಪು ‘ಇಂದ’ ಪ್ರತ್ಯಯದಿಂದ ಬರುತ್ತದೆ. ‘ಹತ್ತು ವರ್ಷದಿಂದ ನೇಯುತ್ತಿದ್ದೇನೆ’ ಎಂಬಲ್ಲಿ ಕೊಂಡಿಯ ಕೆಲಸವನ್ನು ಆ ‘ಇಂದ’ವೇ ಮಾಡುತ್ತದೆ, ಕ್ರಿಯಾಪದ ಬದಲಾಗಬೇಕಿಲ್ಲ. ಹುಡುಗ ಹಾಗೆಯೇ ‘ಐ ಆಮ್ ವೀವಿಂಗ್ ಸಿನ್ಸ್ ಟೆನ್ ಇಯರ್ಸ್’ ಎಂದು ಬರೆಯುತ್ತಾನೆ. ಇಂಗ್ಲಿಷಿನಲ್ಲಿ ಆ ಭಾರವನ್ನು ಕ್ರಿಯಾಪದವೇ ಹೊರಬೇಕು: ‘ಐ ಹ್ಯಾವ್ ಬೀನ್ ವೀವಿಂಗ್ ಫಾರ್ ಟೆನ್ ಇಯರ್ಸ್’. ಅವಧಿಗೆ ‘ಫಾರ್’, ತೊಡಗಿದ ಗಳಿಗೆಗೆ ‘ಸಿನ್ಸ್’. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ‘ಸಿನ್ಸ್ 1997’ ಎಂದರೆ ‘ಹ್ಯಾಸ್ ಬೀನ್’ ಎನ್ನಲೇಬೇಕು.

ಇದು ಬರಿಯ ಅಂಕಗಳ ಮಾತಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಎಷ್ಟೋ ಮನೆಗಳನ್ನು ನುಂಗಿತು. ಮನೆ ಮುಳುಗಲಿರುವವನೊಬ್ಬ ಪರಿಹಾರಕ್ಕಾಗಿ ಇಂಗ್ಲಿಷಿನಲ್ಲಿ ಅರ್ಜಿ ಬರೆದನೆನ್ನಿ. ‘ವಿ ಹ್ಯಾವ್ ಲಿವ್ಡ್ ಹಿಯರ್ ಫಾರ್ ಫಾರ್ಟಿ ಇಯರ್ಸ್’ ಎಂದರೆ ನಲವತ್ತು ವರ್ಷದಿಂದ ಇದ್ದೇವೆ, ಈಗಲೂ ಇಲ್ಲಿಯೇ ಇದ್ದೇವೆ ಎಂದಾಯಿತು. ಆ ‘ಹ್ಯಾವ್’ ಒಂದನ್ನು ಕೈಬಿಟ್ಟರೆ, ಇದ್ದೆವು, ಈಗಿಲ್ಲ. ಓದುವ ಅಧಿಕಾರಿಯ ಕಣ್ಣಿಗೆ ಅವನು ತಾನಾಗಿಯೇ ಎಂದೋ ಮನೆ ಬಿಟ್ಟುಹೋದವನು.

‘ಹ್ಯಾಡ್’ ಅಷ್ಟು ಕಾಡುವುದಿಲ್ಲ. ‘ನಾವು ಹುನಗುಂದದ ನಿಲ್ದಾಣಕ್ಕೆ ಬಂದಾಗ ಬಸ್ಸು ಹೋಗಿತ್ತು’ ಎನ್ನುತ್ತೇವೆ. ಈ ‘ಹೋಗಿತ್ತು’ ಎಂಬುದೇ ‘ಹ್ಯಾಡ್ ಗಾನ್’. ನಾವು ಬಂದದ್ದು ಹಿಂದಿನ ಮಾತು. ಬಸ್ಸು ಹೋದದ್ದು ಅದಕ್ಕೂ ಹಿಂದಿನದು.