ಸಂಘದ ಹಳೇ ಪಿಕಪ್ಪಿಗೆ ಯಾವ ಎಣ್ಣೆ, ಯಾವ ನೀರು?



ಬಂಡಿ ಇದ್ದ ಕಾಲದಲ್ಲಿ ಸಂತೆಗೆ ಹೊರಡುವ ಮುಂಚೆ ಗಾಲಿಗೆ ಕೀಲೆಣ್ಣೆ ಹಾಕದೆ ಯಾರೂ ಎತ್ತು ಹೂಡುತ್ತಿರಲಿಲ್ಲ. ಈಗ ವರವು ಕಾವಲಿನ ಸುತ್ತಿನ ಹಳ್ಳಿಗಳಿಂದ ಶೇಂಗಾ, ಈರುಳ್ಳಿ, ಕುರಿ ಎಲ್ಲಾ ಚಳ್ಳಕೆರೆಗೆ ಹೋಗುವುದು ಪಿಕಪ್ಪಿನಲ್ಲಿ. ಕೆಲವು ಸಂಘದವರು ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಗಾಡಿಯನ್ನೇ ತಗೊಂಡಿದ್ದೀರಿ. ಕಂತು ಕಟ್ಟೋರು ನಾವು, ಆದರೆ ಬಾನೆಟ್ ಎತ್ತಿ ನೋಡೋನು ಡ್ರೈವರ್ ಒಬ್ಬನೇ. ಇದು ಸರಿಯಲ್ಲ.

ಮೊಳಕಾಲ್ಮೂರು ಕಡೆಯ ಒಂದು ಸಂಘದ ಗಾಡಿ ಈರುಳ್ಳಿ ಹೇರಿಕೊಂಡು ಹೋಗುವಾಗ ದಾರಿಯಲ್ಲೇ ಹೊಗೆಯಾಡಿ ನಿಂತಿತು. ಆ ಹುಡುಗ ಗಾಬರಿಯಲ್ಲಿ ಪಕ್ಕದ ತೋಟದ ಬೋರಿನಿಂದ ತಣ್ಣೀರು ತಂದು ಕಾದ ಇಂಜಿನ್ನಿಗೆ ಸುರಿದ. ಕಾದ ಹಂಚಿಗೆ ನೀರು ಚೆಲ್ಲಿದ ಹಾಗಾಯಿತು, ಹೆಡ್ ಬಿರುಕು ಬಿಟ್ಟಿತು. ಆರು ತಿಂಗಳ ಉಳಿತಾಯ ಒಂದೇ ಬಿಲ್ಲಿಗೆ ಹೋಯಿತು. ರೇಡಿಯೇಟರ್ ಬಿಚ್ಚಿ ನೋಡಿದರೆ ಒಳಗೆಲ್ಲಾ ಬಿಳೀ ಪದರ ಕಟ್ಟಿತ್ತು. ವರ್ಷಗಟ್ಟಲೆ ಅದಕ್ಕೆ ಹಾಕಿದ್ದೂ ಬೋರಿನ ನೀರೇ.

ನಮ್ಮ ಸೀಮೆಯ ಬೋರಿನ ನೀರು ಎಂಥಾದ್ದು ಅಂತ ನಿಮಗೆ ಹೇಳಿಕೊಡಬೇಕಿಲ್ಲ. ನೀರು ಕಾಸುವ ಹಂಡೆಯ ಒಳಗೆ ಕೈಯಾಡಿಸಿದರೆ ಸುಣ್ಣದ ಹಾಗೆ ಗರಗರ ಅನ್ನುತ್ತದಲ್ಲಾ, ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಕೊಳವೆ ಮುಚ್ಚಿದರೆ ಬಿಸಿ ಹೊರಗೆ ಹೋಗೋದಿಲ್ಲ. ಅದಕ್ಕೇ ಕೂಲೆಂಟ್ ಹಾಕಬೇಕು. "ಅದು ಹಿಮ ಬೀಳೋ ಕಡೆಗೆ ಅಕ್ಕಾ, ನಮಗ್ಯಾಕೆ?" ಅಂತ ಕೆಲವರು ಹೇಳ್ತಾರೆ. ನಂಬಬೇಡಿ. ಕೂಲೆಂಟ್ ಇದ್ದರೆ ನೀರು ಬೇಗ ಕುದಿಯೋದಿಲ್ಲ, ಒಳಗೆ ತುಕ್ಕೂ ಹಿಡಿಯೋದಿಲ್ಲ. ನಾಯಕನಹಟ್ಟಿ ತೇರಿನ ಹೊತ್ತಿಗೆ ಶುರುವಾಗುವ ಬಿಸಿಲಿಗೆ ನಮಗೇ ಇದು ಹೆಚ್ಚು ಬೇಕು. ಬೆರೆಸಿಯೇ ಬರುವ ಡಬ್ಬಿ ತಂದರೆ ಹಾಗೇ ಹಾಕಬಹುದು. ಗಟ್ಟಿಯಾದದ್ದು ತಂದರೆ ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲಿ, ಸಾಮಾನ್ಯವಾಗಿ ಅರ್ಧಕ್ಕರ್ಧ, ಡಿಸ್ಟಿಲ್ಡ್ ವಾಟರ್ ಸೇರಿಸಿ. ಬ್ಯಾಟರಿಗೂ ಇದೇ ನೀರು, ಬೋರಿನದು ಬೇಡ. ಹಸಿರು, ಕೆಂಪು ಅಂತ ಬಣ್ಣ ನೋಡಿ ಕೂಲೆಂಟ್ ಆರಿಸಬೇಡಿ, ಗಾಡಿಯ ಪುಸ್ತಕದಲ್ಲಿ ಹೇಳಿದ ಜಾತಿಯದನ್ನೇ ಕೇಳಿ.

ಗಾಡಿ ಕಾದು ನಿಂತರೆ ಇಂಜಿನ್ ಆಫ್ ಮಾಡಿ ಪೂರ್ತಿ ಆರುವ ತನಕ ಕಾಯಲೇಬೇಕು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯೋ ನೀರು ಮುಖಕ್ಕೆ ಹಾರುತ್ತದೆ. ಇನ್ನೊಂದು ಮಾತು: ಕೂಲೆಂಟ್ ರುಚಿಗೆ ಸಿಹಿ, ಆದರೆ ವಿಷ. ಜ್ಯೂಸ್ ಬಾಟಲಿಯಲ್ಲಿ ಹಾಕಿಟ್ಟು ಮಕ್ಕಳ ಕೈಗೆ ಸಿಗೋ ಹಾಗೆ ಮಾಡಬೇಡಿ. ನೆಲಕ್ಕೆ ಚೆಲ್ಲಿದ್ದನ್ನು ಕುರಿ, ನಾಯಿ ನೆಕ್ಕದ ಹಾಗೆ ಒರೆಸಿ ತೊಳೆಯಿರಿ.

ಇನ್ನು ಇಂಜಿನ್ ಆಯಿಲ್. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ಎಣ್ಣೆಯ ಗುಣ ನಮಗೆ ಗೊತ್ತಿಲ್ಲದ್ದೇನಲ್ಲ. ಕ್ಯಾಸ್ಟ್ರಾಲ್ ಅನ್ನುವ ಹೆಸರು ಹುಟ್ಟಿದ್ದೇ ಶೇಂಗಾ ಹೊಲದ ಅಂಚಿಗೆ ನಾವು ಹಾಕುವ ಹರಳಿನಿಂದ. ಹರಳಿಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಅಂತಾರೆ, 1909ರಲ್ಲಿ ಆ ಕಂಪನಿಯವರು ಹರಳೆಣ್ಣೆ ಬೆರೆಸಿದ ಆಯಿಲಿಗೆ ಈ ಹೆಸರು ಇಟ್ಟರು. ಹಾಗಂತ ಮನೆಯ ಹರಳೆಣ್ಣೆ ಈಗಿನ ಇಂಜಿನ್ನಿಗೆ ಆಗೋದಿಲ್ಲ!

ಡಬ್ಬಿಯ ಮೇಲೆ 15ಡಬ್ಲ್ಯೂ–40 ಅಂತ ಬರೆದಿರುತ್ತದೆ. ಮೊದಲ ಅಂಕಿ ಚಳಿಯ ಬೆಳಿಗ್ಗೆ ಆಯಿಲ್ ಎಷ್ಟು ಹರಿಯುತ್ತದೆ ಅನ್ನೋದಕ್ಕೆ, ಎರಡನೆಯದು ಇಂಜಿನ್ ಕಾದ ಮೇಲೆ ಎಷ್ಟು ಮಂದ ಉಳಿಯುತ್ತದೆ ಅನ್ನೋದಕ್ಕೆ. ಹಳೇ ಡೀಸೆಲ್ ಪಿಕಪ್ಪುಗಳಲ್ಲಿ ಹೆಚ್ಚಿನವಕ್ಕೆ 15ಡಬ್ಲ್ಯೂ–40, ಸಿಐ–4 ದರ್ಜೆಯ ಡೀಸೆಲ್ ಆಯಿಲ್ ಹೊಂದುತ್ತದೆ. ಆದರೂ ನಿಮ್ಮ ಗಾಡಿಯ ಪುಸ್ತಕ ನೋಡಿಯೇ ತನ್ನಿ. ಬೈಕಿನ ಆಯಿಲ್ ಬೇಡ, ಬಿಡಿ ಆಯಿಲೂ ಬೇಡ.

ವಾರಕ್ಕೊಮ್ಮೆ ಮಟ್ಟ ನೋಡುವ ಕೆಲಸ ನಮ್ಮಲ್ಲಿ ಯಾರಾದರೂ ಮಾಡಬಹುದು. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಡಿ. ಆಯಿಲ್ ಕಡ್ಡಿ ತೆಗೆದು ಒರೆಸಿ, ಮತ್ತೆ ಅದ್ದಿ ತೆಗೆಯಿರಿ. ಎರಡು ಗುರುತಿನ ನಡುವೆ ಇರಬೇಕು. ಮೇಲಿನ ಗುರುತು ದಾಟಿ ತುಂಬಿಸಿದರೂ ಕೆಡುಕೇ. ಡೀಸೆಲ್ ಗಾಡಿಯ ಆಯಿಲ್ ಕಪ್ಪಾಗುವುದು ಸಹಜ, ಹೆದರಬೇಡಿ. ಹಾಲು ಹಾಕಿದ ಕಾಫಿ ಬಣ್ಣ ಬಂದರೆ ಮಾತ್ರ ನೀರು ಸೇರಿದೆ ಅಂತ ಅರ್ಥ, ಗಾಡಿ ಓಡಿಸಲೇಬೇಡಿ.

ಕಾವಲಿನ ಮಣ್ಣುದಾರಿಯಲ್ಲಿ ಏಳುವ ಧೂಳು ಏರ್ ಫಿಲ್ಟರನ್ನು ಬೇಗ ಕಟ್ಟಿಹಾಕುತ್ತದೆ. ಆದ್ದರಿಂದ ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗಿಂತ ಮುಂಚೆಯೇ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸುವುದು ಒಳ್ಳೆಯದು. ಡೀಸೆಲ್ ಫಿಲ್ಟರಿನ ತಳದಲ್ಲಿ ನಿಲ್ಲುವ ನೀರನ್ನೂ ಆಗಾಗ ಬಿಡಿಸಿ.

ಬ್ರೇಕ್ ಆಯಿಲ್ ಜೀವದ ವಿಷಯ. ಅದರ ಮುಚ್ಚಳದ ಮೇಲೇ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ, ಅದನ್ನೇ ಹಾಕಿಸಿ. ಇಂಜಿನ್ ಆಯಿಲ್ ಒಂದು ಚಮಚ ಬಿದ್ದರೂ ಒಳಗಿನ ರಬ್ಬರ್ ಉಬ್ಬಿ ಬ್ರೇಕ್ ಕೈಕೊಡುತ್ತದೆ. ಬ್ರೇಕ್ ಆಯಿಲ್ ಮಳೆಗಾಲದ ಉಪ್ಪಿನ ಹಾಗೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಾಗಾಗಿ ಒಡೆದಿಟ್ಟ ಹಳೇ ಡಬ್ಬಿ ಬೇಡ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಸುರಿಯುತ್ತಾ ಹೋಗಬೇಡಿ, ಬ್ರೇಕ್ ಲೈನರ್ ಸವೆದಿದೆಯೋ ಎಲ್ಲಾದರೂ ಸೋರುತ್ತಿದೆಯೋ ಮೆಕ್ಯಾನಿಕ್ ಹತ್ತಿರ ನೋಡಿಸಿ.

ಗೇರ್ ಬಾಕ್ಸಿಗೂ ಹಿಂದಿನ ಕ್ರೌನಿಗೂ ಒಂದೇ ಆಯಿಲ್ ಸುರಿಯುವ ರೂಢಿ ಕೆಲವು ಕಡೆ ಐತೆ. ಗೇರ್ ಬಾಕ್ಸಿನ ಒಳಗೆ ಹಿತ್ತಾಳೆ ಬಳೆಗಳಿರುತ್ತವೆ, ಕ್ರೌನಿಗೆ ಹಾಕುವ ಕೆಲವು ಜಿಎಲ್–5 ಆಯಿಲ್ ಆ ಹಿತ್ತಾಳೆಗೆ ಆಗಿಬರೋದಿಲ್ಲ. ಎರಡಕ್ಕೂ ಯಾವುದು ಅಂತ ಪುಸ್ತಕ ನೋಡಿ ಚೀಟಿ ಬರೆದು ಕೊಡಿ.

ಗಾಡಿಗೆ 8 ವರ್ಷ ದಾಟಿದ್ದರೆ ಎಫ್‌ಸಿ ವರ್ಷವರ್ಷವೂ ಮಾಡಿಸಬೇಕು. ಅದರ ತಾರೀಖು, ಆಯಿಲ್ ಬದಲಿಸಿದ ದಿನ, ಆಗಿನ ಕಿಲೋಮೀಟರು, ಹಾಕಿದ ಡಬ್ಬಿಯ ಹೆಸರು ಇವನ್ನೆಲ್ಲಾ ಸಂಘದ ನಡಾವಳಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ಬಿಲ್ಲಿನ ಜೊತೆ ಖಾಲಿ ಡಬ್ಬಿಯನ್ನೂ ತಂದು ತೋರಿಸು ಅಂತ ಡ್ರೈವರಿಗೆ ಹೇಳಿ. ಆ ತಮ್ಮ ಬೇಜಾರು ಮಾಡಿಕೊಂಡರೆ, ಇದು ಹತ್ತಿಪ್ಪತ್ತು ಮನೆಯ ಗಾಡಿ ಕಣಪ್ಪಾ ಅನ್ನಿ. ತೆಗೆದ ಹಳೇ ಆಯಿಲನ್ನು ಹೊಲಕ್ಕೋ ಹಳ್ಳಕ್ಕೋ ಚೆಲ್ಲದೆ ಗ್ಯಾರೇಜಿನ ಡ್ರಮ್ಮಿಗೇ ಹಾಕಿಸಿ.