ಅಂಗೈಯಗಲದ ಸರಕುಬಂಡಿ

ಮೇಜಿನ ಮೇಲೆ ಹಳಿ ಹಾಸಿ ಆಟದ ರೈಲನ್ನು ಓಡಿಸುವುದು ಮಕ್ಕಳ ಕೆಲಸವೆಂದು ಹಲವರು ತಿಳಿದಿರುವರು. ಆದರೆ ಇಂಗ್ಲೆಂಡಿನಲ್ಲಿ ಈ ಕೆಲಸವನ್ನು ಗಡಿಯಾರ ರಿಪೇರಿ ಮಾಡುವವನ ಶ್ರದ್ಧೆಯಿಂದ ಮಾಡುವ ವಯಸ್ಕರು ಸಾವಿರಗಟ್ಟಲೆ ಇದ್ದಾರೆ. ನಿಜವಾದ ರೈಲುಬಂಡಿಯ ಪ್ರತಿಯೊಂದು ಅಳತೆಯನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ, ಹಾಗೆ ಕುಗ್ಗಿಸಿದ ಬಂಡಿಯು ಹಳಿ ತಪ್ಪದೆ ಓಡುವಂತೆ ಮಾಡುವುದು ಅವರ ಗುರಿ. ಕುಗ್ಗಿಸುವುದೇನೋ ಸುಲಭ, ಕುಗ್ಗಿಸಿದ್ದನ್ನು ಓಡಿಸುವುದು ಕಷ್ಟ. ಈ ಕಷ್ಟ ಎಲ್ಲಿಂದ ಬರುತ್ತದೆ, ಅದನ್ನು ಹೇಗೆ ನಿವಾರಿಸುತ್ತಾರೆ ಎಂಬುದನ್ನು ಒಂದು ಸಾಮಾನ್ಯ ಸರಕುಬಂಡಿಯ ಮೂಲಕ ವಿಚಾರ ಮಾಡೋಣ.

ಅಂಗಡಿಯಲ್ಲಿ ಸಿಕ್ಕುವ ಬ್ರಿಟಿಷ್ ಮಾದರಿಯ ರೈಲನ್ನು ಎದುರಿನಿಂದ ನೋಡಿದರೆ ಏನೋ ಒಂದು ಊನ ಕಾಣುತ್ತದೆ. ಮೈ ಅಗಲವಾಗಿದ್ದು ಕಾಲುಗಳು ಮಾತ್ರ ಒಳಕ್ಕೆ ಸೇರಿಕೊಂಡಂತಿರುತ್ತವೆ. ಇದು ಕಣ್ಣಿನ ಭ್ರಮೆಯಲ್ಲ. ಈ ಮಾದರಿಯಲ್ಲಿ ನಿಜವಾದ ಬಂಡಿಯ ಒಂದು ಅಡಿಗೆ 4 ಮಿಲಿಮೀಟರು ಎಂದು ಲೆಕ್ಕ, ಎಂದರೆ 76.2ರಲ್ಲಿ ಒಂದು ಪಾಲು. ಬ್ರಿಟನ್ನಿನ ಹಳಿಗಳ ನಡುವಣ ಅಂತರ 4 ಅಡಿ 8½ ಅಂಗುಲ. ನಾಲ್ಕರಿಂದ ಗುಣಿಸಿದರೆ 18.83 ಮಿಲಿಮೀಟರು ಆಗಬೇಕು. ಅಂಗಡಿಯ ಹಳಿಯಲ್ಲಾದರೋ ಅದು 16.5 ಮಿಲಿಮೀಟರು ಮಾತ್ರ. ನಿಜವಾದ ಅಳತೆಗೆ ತಿರುಗಿಸಿದರೆ 4 ಅಡಿ 1½ ಅಂಗುಲ! ಏಳು ಅಂಗುಲಗಳು ಎಲ್ಲಿ ಹೋದವು?

ಉತ್ತರ ಚರಿತ್ರೆಯಲ್ಲಿದೆ. ಎರಡು ಮಹಾಯುದ್ಧಗಳ ನಡುವಣ ವರ್ಷಗಳಲ್ಲಿ ಮೇಜಿನ ಮೇಲಿನ ರೈಲಿಗೆ ಅಡಿಗೆ 3.5 ಮಿಲಿಮೀಟರು ಎಂಬ ಪ್ರಮಾಣ ಬಳಕೆಗೆ ಬಂದಿತ್ತು. ಆ ಪ್ರಮಾಣಕ್ಕೆ 16.5 ಮಿಲಿಮೀಟರಿನ ಹಳಿ ಸರಿಯಾಗಿ ಹೊಂದುತ್ತದೆ. ಆದರೆ ಬ್ರಿಟನ್ನಿನ ಎಂಜಿನುಗಳು ಯೂರೋಪಿನ ಇತರ ದೇಶಗಳವುಗಳಿಗಿಂತ ಸಣ್ಣವು. ಅಂದಿನ ವಿದ್ಯುನ್ಮೋಟಾರು ಅವುಗಳ ಹೊಟ್ಟೆಯಲ್ಲಿ ಹಿಡಿಸುತ್ತಿರಲಿಲ್ಲ. ತಯಾರಕರು ಹಳಿಯನ್ನು ಹಾಗೆಯೇ ಬಿಟ್ಟು ಮೈಯನ್ನು ಮಾತ್ರ ಅಡಿಗೆ 4 ಮಿಲಿಮೀಟರಿಗೆ ಹಿಗ್ಗಿಸಿದರು. 1938ರಲ್ಲಿ ಹೊರಬಂದ ಹಾರ್ನ್‌ಬಿ ಡಬ್ಲೊ ಈ ಪದ್ಧತಿಯನ್ನು ಮನೆಮನೆಗೆ ಒಯ್ದಿತು. ಮೋಟಾರುಗಳು ಮುಂದೆ ಬಟಾಣಿ ಕಾಳಿನಷ್ಟಾದರೂ ಹಳಿಯ ತಪ್ಪು ಹಾಗೆಯೇ ಉಳಿಯಿತು. ಒಮ್ಮೆ ರೂಢಿಯಾದ ತಪ್ಪನ್ನು ತಿದ್ದುವುದು ಎಷ್ಟು ಕಷ್ಟವೆಂಬುದಕ್ಕೆ ಬೇರೆ ಉದಾಹರಣೆ ಬೇಡ. ಇದನ್ನು ಸಹಿಸದ ಕೆಲವರು ಮೊದಲು 18 ಮಿಲಿಮೀಟರಿನ ಹಳಿಯನ್ನು ಹಾಕಿದರು. 1960ರ ದಶಕದಲ್ಲಿ ಇನ್ನೂ ಹಟವಾದಿಗಳಾದ ಕೆಲವರು 18.83 ಮಿಲಿಮೀಟರೇ ಆಗಬೇಕೆಂದು ನಿಯಮಗಳನ್ನು ರಚಿಸಿದರು. (ನಮ್ಮ ದೇಶದ 5½ ಅಡಿಯ ಅಗಲ ಹಳಿಯನ್ನು ಇದೇ ಪ್ರಮಾಣದಲ್ಲಿ ಕುಗ್ಗಿಸಿದರೆ ಸರಿಯಾಗಿ 22 ಮಿಲಿಮೀಟರು ಬರುತ್ತದೆ. ಎಷ್ಟು ಅಚ್ಚುಕಟ್ಟಾದ ಅಂಕಿ!)

ಎಂಜಿನನ್ನು ಹೊಸ ಹಳಿಗೆ ಹೊಂದಿಸುವುದು ದೊಡ್ಡ ಕೆಲಸ, ಸರಕುಬಂಡಿಯದು ಹಾಗಲ್ಲ. ಬಂಡಿಯ ಮೈ, ಅಚ್ಚಿನ ತುದಿಗಳನ್ನು ಹಿಡಿಯುವ ಇಕ್ಕೆಲದ ತಗಡುಗಳು, ಇವೆಲ್ಲ ಆಗಲೇ ಸರಿಯಾದ ಜಾಗದಲ್ಲಿವೆ. ತಪ್ಪಿರುವುದು ಗಾಲಿಗಳು ಮಾತ್ರ. ಆದ್ದರಿಂದ ಹಳೆಯ ಗಾಲಿ ಜೋಡಿಯನ್ನು ತೆಗೆದು, ಅದೇ 26 ಮಿಲಿಮೀಟರು ಉದ್ದದ ಅಚ್ಚಿನ ಮೇಲೆ ಗಾಲಿಗಳು ಇನ್ನಷ್ಟು ಹೊರಕ್ಕಿರುವ ಜೋಡಿಯನ್ನು ಕೂಡಿಸಿದರಾಯಿತು. ಅಚ್ಚಿನ ಎರಡು ತುದಿಗಳೂ ಸೂಜಿಯಂತೆ ಚೂಪಾಗಿದ್ದು ಹಿತ್ತಾಳೆಯ ಪುಟ್ಟ ಬಟ್ಟಲುಗಳಲ್ಲಿ ತಿರುಗುತ್ತವೆ. ಉಜ್ಜುವ ಜಾಗವು ಅಚ್ಚಿನ ನಡುವಿಗೆ ಅಷ್ಟು ಸಮೀಪವಾಗಿರುವುದರಿಂದ ಘರ್ಷಣೆಯು ತಿರುಗುವಿಕೆಯನ್ನು ತಡೆಯುವ ಶಕ್ತಿ ಬಹಳ ಅಲ್ಪ. ಬಂಡಿಯನ್ನು ಊದಿದರೆ ಓಡುತ್ತದೆ. ಗಾಲಿಗಳು ಹೊರಕ್ಕೆ ಸರಿದ ಮೇಲೆ ಬ್ರೇಕಿನ ಕಟ್ಟೆಗಳನ್ನೂ ಪ್ರತಿ ಪಕ್ಕದಲ್ಲಿ 1.17 ಮಿಲಿಮೀಟರು ಹೊರಕ್ಕೆ ತರಬೇಕು. ಇಲ್ಲವಾದರೆ ಅವು ಗಾಲಿಯನ್ನು ಬಿಟ್ಟು ಗಾಳಿಯನ್ನು ಹಿಡಿಯಲು ಹೊರಟಂತೆ ಕಾಣುತ್ತವೆ.

ಇಲ್ಲಿಗೆ ಕೆಲಸ ಮುಗಿಯಿತೆಂದು ನಾವು ನಮ್ಮ ಮೊದಲ ಬಂಡಿಯನ್ನು ಹಳಿಯ ಮೇಲಿಟ್ಟೆವು. ಒಂದು ಗೇಣು ಓಡಿ ಅದು ಹಳಿ ತಪ್ಪಿತು. ಮತ್ತೆ ಇಟ್ಟೆವು, ಮತ್ತೆ ತಪ್ಪಿತು. ಕಾರಣ ತಿಳಿಯಲು ನಮಗೆ ಒಂದು ಸಂಜೆ ಹಿಡಿಯಿತು.

ರೈಲಿನ ಗಾಲಿಯ ಒಳಬದಿಯಲ್ಲಿ ಒಂದು ಏಣು ಇರುವುದು ಸರಿಯಷ್ಟೆ. ಗಾಲಿಯು ಹಳಿಯಿಂದ ಜಾರದಂತೆ ಕಾಯುವುದು ಇದೇ. ನಿಜವಾದ ಬಂಡಿಯಲ್ಲಿ ಏಣಿನ ಆಳ ಸುಮಾರು 1⅛ ಅಂಗುಲ. 76.2ರಿಂದ ಭಾಗಿಸಿದರೆ 0.38 ಮಿಲಿಮೀಟರು. ಒಂದೆರಡು ಅಂಚೆಕಾರ್ಡುಗಳ ದಪ್ಪ! ಆಟದ ರೈಲಿನ ಗಾಲಿಗೆ ಇದರ ಸುಮಾರು ಎರಡರಷ್ಟು ಆಳದ ಏಣಿರುತ್ತದೆ. ಆದ್ದರಿಂದಲೇ ಅದು ಒರಟು ಹಳಿಯ ಮೇಲೂ ಓಡುತ್ತದೆ. ನಮ್ಮ ಬಂಡಿಯಲ್ಲಾದರೋ ಒಂದು ಗಾಲಿ 0.4 ಮಿಲಿಮೀಟರು ಮೇಲೆದ್ದರೆ ಅದನ್ನು ಹಿಡಿಯುವವರೇ ಇಲ್ಲ.

ನಾಲ್ಕು ಗಾಲಿಗಳಲ್ಲಿ ಒಂದು ಏಕೆ ಮೇಲೇಳಬೇಕು? ಹಳ್ಳಿಯ ಅಡಿಗೆಮನೆಯನ್ನು ನೆನೆಯಿರಿ. ಒಲೆಗೆ ಮೂರು ಗುಂಡುಗಳನ್ನು ಹೂಡುತ್ತಾರೆ, ನಾಲ್ಕನ್ನಲ್ಲ. ಮೂರು ಬಿಂದುಗಳ ಮೂಲಕ ಯಾವಾಗಲೂ ಒಂದು ಸಮತಲವು ಹಾಯುತ್ತದೆ. ಆದ್ದರಿಂದ ಮೂರು ಗುಂಡುಗಳ ಎತ್ತರ ಹೆಚ್ಚುಕಡಮೆಯಾದರೂ ಮಡಕೆ ಓರೆಯಾದೀತೇ ಹೊರತು ಕುಣಿಯದು. ನಾಲ್ಕನೆಯ ಬಿಂದು ಆ ಸಮತಲದಲ್ಲಿರಬೇಕೆಂಬ ನಿಯಮವೇನೂ ಇಲ್ಲ. ಗಟ್ಟಿಯಾಗಿ ಅಂಟಿಸಿದ ಬಂಡಿಯು ನಾಲ್ಕು ಕಾಲಿನ ಮೇಜಿನಂತೆ. ಹಳಿ ಸ್ವಲ್ಪ ತಿರುಚಿದ್ದರೆ ಒಂದು ಗಾಲಿ ಗಾಳಿಯಲ್ಲಿ ನಿಲ್ಲುತ್ತದೆ. ನಿಜವಾದ ಬಂಡಿಯಲ್ಲಿ ಪಟ್ಟಿ ಸ್ಪ್ರಿಂಗುಗಳು ಈ ತೊಡಕನ್ನು ಬಗೆಹರಿಸುತ್ತವೆ.

ಮಾದರಿಯವರ ಉಪಾಯ ಸರಳ. ಒಂದು ಅಚ್ಚನ್ನು ಬಂಡಿಗೆ ಬಿಗಿಯಾಗಿ ಹಿಡಿಸುತ್ತಾರೆ. ಇನ್ನೊಂದು ಅಚ್ಚನ್ನು ಹೊತ್ತ ತಗಡನ್ನು ಬಂಡಿಯ ನಡುಗೆರೆಯಲ್ಲಿ ಉದ್ದಕ್ಕೆ ಇಟ್ಟ ತಂತಿಯ ಮೇಲೆ ತೂಗುಮಣೆಯಂತೆ ಅತ್ತಿತ್ತ ಓಲಾಡಲು ಬಿಡುತ್ತಾರೆ. ಈಗ ಬಂಡಿಯ ಭಾರ ನಿಂತಿರುವುದು ಮೂರೇ ಕಡೆ: ಬಿಗಿಯಾದ ಅಚ್ಚಿನ ಎರಡು ಗಾಲಿಗಳು ಮತ್ತು ಓಲಾಡುವ ಅಚ್ಚಿನ ನಡು. ಒಲೆಯ ಮೂರು ಗುಂಡುಗಳು ಸಿದ್ಧವಾದವು! ನಾಲ್ಕು ಗಾಲಿಗಳೂ ಹಳಿಯನ್ನು ಬಿಡುವುದಿಲ್ಲ. ಇನ್ನು ಕೆಲವರು ಪ್ರತಿಯೊಂದು ಬೇರಿಂಗನ್ನೂ ಕೂದಲಿನಂಥ ಉಕ್ಕಿನ ತಂತಿಯ ಮೇಲೆ ನಿಲ್ಲಿಸುವುದುಂಟು. ಇದು ನಿಜಕ್ಕೆ ಹತ್ತಿರ, ನೋಡಲೂ ಚೆಂದ; ಆದರೆ ಮೊದಲ ಬಂಡಿಗೆ ಓಲಾಡುವ ಅಚ್ಚೇ ಮೇಲೆಂದು ನಮ್ಮ ಅಭಿಪ್ರಾಯ.

ಮುಂದಿನದು ತೂಕ. ಬ್ರಿಟಿಷ್ ರೈಲ್ವೆಯ 16 ಟನ್ನಿನ ಕಲ್ಲಿದ್ದಲು ಬಂಡಿಯನ್ನು ತೆಗೆದುಕೊಳ್ಳೋಣ. ಉಕ್ಕಿನ ಈ ಬಂಡಿಗಳು ಎರಡು ಲಕ್ಷಕ್ಕೂ ಮೀರಿ ತಯಾರಾಗಿದ್ದವು. 1980ರ ದಶಕದಲ್ಲಿ ಹಳಿಯಿಂದ ಮರೆಯಾದುವು. 16½ ಅಡಿಯ ಚೌಕಟ್ಟು ಮಾದರಿಯಲ್ಲಿ 66 ಮಿಲಿಮೀಟರು, 9 ಅಡಿ ಅಂತರದ ಅಚ್ಚುಗಳು 36 ಮಿಲಿಮೀಟರು. ಬರಿಯ ಬಂಡಿಯ ತೂಕ ಸುಮಾರು 7 ಟನ್ನು. ಉದ್ದ 76.2ರಲ್ಲಿ ಒಂದಾದರೆ ತೂಕವೂ ಹಾಗೆಯೇ ಎಂದು ಎಣಿಸಬಾರದು. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ತೂಕವು ಸುಮಾರು 4,42,000ದಲ್ಲಿ ಒಂದು ಪಾಲಾಗುತ್ತದೆ. ಬರುವುದು 16 ಗ್ರಾಂ. ಇಷ್ಟು ಹಗುರಾದ ಬಂಡಿ ಹಳಿಯ ಪ್ರತಿ ಸಂದಿನಲ್ಲೂ ನೆಗೆಯುತ್ತದೆ. ಅನುಭವಿಗಳು ಒಂದು ಅಚ್ಚಿಗೆ 25 ಗ್ರಾಮಿನಂತೆ ಬಂಡಿಗೆ 50 ಗ್ರಾಂ ಇರಲಿ ಎನ್ನುತ್ತಾರೆ. ವಿನೋದವೆಂದರೆ 16 ಟನ್ನು ಕಲ್ಲಿದ್ದಲು ತುಂಬಿದ ಬಂಡಿಯನ್ನು ಇದೇ ಲೆಕ್ಕದಲ್ಲಿ ಕುಗ್ಗಿಸಿದರೆ 53 ಗ್ರಾಂ ಬರುತ್ತದೆ.

ಈ ತೂಕವನ್ನು ಸೇರಿಸುವಾಗ ನಾವು ಮಾಡಿದ ತಪ್ಪನ್ನು ವಾಚಕರು ಮಾಡದಿರಲಿ. ಒಂದು ಮುಚ್ಚುಬಂಡಿಯೊಳಗೆ ಸೀಸದ ಸಣ್ಣ ಗುಂಡುಗಳನ್ನು ಸುರಿದು ಬಡಗಿಗಳ ಬಿಳಿ ಗೋಂದಿನಿಂದ ಅಂಟಿಸಿದ್ದೆವು. ಕೆಲವು ವರ್ಷಗಳ ಮೇಲೆ ಪೆಟ್ಟಿಗೆ ತೆರೆದಾಗ ಬಂಡಿಯ ಪಕ್ಕಗಳು ಉಬ್ಬಿ ಮೂಲೆಗಳು ಬಿರಿದಿದ್ದವು. ಒಳಗೆ ಬಿಳಿಯ ಹಿಟ್ಟು. ಆ ಗೋಂದಿನಿಂದ ಅಸಿಟಿಕ್ ಆಮ್ಲವು ಸ್ವಲ್ಪಸ್ವಲ್ಪವಾಗಿ ಹೊರಬೀಳುತ್ತದೆ. ಆಮ್ಲವು ಸೀಸವನ್ನು ಹಿಡಿಯುತ್ತದೆ. ಗಾಳಿಯ ಇಂಗಾಲದ ಡೈ ಆಕ್ಸೈಡು ಸೇರಿ ಸೀಸದ ಕಾರ್ಬೊನೇಟು ಉಂಟಾಗುತ್ತದೆ. ಅದು ಸೀಸಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಿಂದೆ ಬಣ್ಣಕ್ಕಾಗಿ ಬಿಳಿ ಸೀಸವನ್ನು ಬೇಕೆಂದೇ ತಯಾರಿಸುತ್ತಿದ್ದುದೂ ಇದೇ ವಿಧಾನದಿಂದ. ನಾವು ಬೇಡವೆಂದರೂ ತಯಾರಿಸಿದೆವು. ಸೀಸವು ವಿಷವೆಂಬುದನ್ನೂ ಮರೆಯಬಾರದು. ಉಕ್ಕಿನ ತುಂಡನ್ನು ಎಪಾಕ್ಸಿ ಅಂಟಿನಿಂದ ಕೂಡಿಸುವುದೇ ಕ್ಷೇಮ.

ಪ್ಲಾಸ್ಟಿಕ್ಕಿನ ಮೈಯನ್ನು ಕೂಡಿಸುವುದಕ್ಕೆ ಬೇಕಾದದ್ದು ಅಂಟಲ್ಲ, ದ್ರಾವಕ. ಬ್ಯೂಟನೋನನ್ನು ಕುಂಚದಿಂದ ಸಂದಿಗೆ ತಾಗಿಸಿದರೆ ಅದು ತಾನಾಗಿ ಒಳಕ್ಕೆ ಹರಿದು ಪಾಲಿಸ್ಟೈರೀನನ್ನು ಮೆದುವಾಗಿಸುತ್ತದೆ. ಎರಡು ಕಡೆಯ ಉದ್ದನೆಯ ಅಣುಗಳೂ ಹೆಣೆದುಕೊಳ್ಳುತ್ತವೆ. ದ್ರಾವಕ ಆರಿದ ಮೇಲೆ ಸಂದೇ ಉಳಿಯುವುದಿಲ್ಲ. ಮುಚ್ಚುಬಂಡಿಯ ತಳಕ್ಕೆ ಒಂದು ತೂತನ್ನು ಕೊರೆಯಬೇಕು. ಇಲ್ಲದಿದ್ದರೆ ಒಳಗೆ ಸಿಕ್ಕಿಬಿದ್ದ ಆವಿ ಪಕ್ಕಗಳನ್ನು ಸೊಟ್ಟಗಾಗಿಸುತ್ತದೆ. ಕಿಟಕಿ ತೆರೆದು, ಬೆಂಕಿಯಿಂದ ದೂರವಿದ್ದು ಕೆಲಸ ಮಾಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಬ್ರೇಕಿನ ವಿಷಯ. ಇದರಲ್ಲೊಂದು ಸೊಗಸಾದ ಒಗಟಿದೆ. ಬಂಡಿಯ ಎರಡು ಪಕ್ಕಗಳಲ್ಲೂ ಕೈಬ್ರೇಕಿನ ಉದ್ದ ಸನ್ನೆಗಳಿರುತ್ತವೆ; ಯಾವ ಪಕ್ಕದಲ್ಲಿ ನಿಂತು ನೋಡಿದರೂ ಸನ್ನೆಯ ಹಿಡಿ ಬಲಗೈ ಕಡೆಯೇ ಇರಬೇಕು. ಕೆಲಸಗಾರನು ಕತ್ತಲೆಯಲ್ಲೂ ತಡವರಿಸದಿರಲೆಂದು ಈ ಏರ್ಪಾಡು. ಮಾರ್ಟನ್ ಎಂಬ ಬಗೆಯ ಬ್ರೇಕಿನಲ್ಲಿ ಎರಡು ಸನ್ನೆಗಳೂ ಬಂಡಿಯ ಅಡಿಯಲ್ಲಿ ಅಡ್ಡಲಾಗಿ ಹಾಯುವ ಒಂದೇ ದಂಡಕ್ಕೆ ಸೇರಿವೆ. ಈ ಪಕ್ಕದವನು ಒತ್ತಿದರೆ ದಂಡವು ಅವನ ಕಣ್ಣಿಗೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಆ ಪಕ್ಕದವನು ಒತ್ತಿದರೆ ಅವನ ಕಣ್ಣಿಗೂ ಹಾಗೆಯೇ. ಆದರೆ ಈ ಪಕ್ಕದವನಿಗೆ ಅದು ತಿರುವುಮುರುವು! ಒಬ್ಬನು ಬ್ರೇಕು ಹಾಕಿದರೆ ಇನ್ನೊಬ್ಬನು ಬಿಡಿಸಿದಂತಾಯಿತು. ಆದುದರಿಂದ ಒಂದು ಪಕ್ಕದಲ್ಲಿ ಮಾತ್ರ ಸನ್ನೆಗೂ ದಂಡಕ್ಕೂ ನಡುವೆ ಚಲನೆಯನ್ನು ತಿರುಗಿಸುವ ಒಂದು ಪುಟ್ಟ ಕ್ಲಚ್ಚನ್ನು ಇಟ್ಟಿದ್ದಾರೆ. ಎರಡು ಪಕ್ಕಗಳನ್ನೂ ಒಂದೇ ಬಗೆಯಾಗಿ ಮಾಡಿದ ಮಾದರಿಯನ್ನು ಬಲ್ಲವರು ಕಂಡರೆ ಮೆಲ್ಲಗೆ ನಗುವರು. ಹಾಗೆಯೇ ಈ ಬಂಡಿಯ ಪಕ್ಕದಲ್ಲಿರುವ ಓರೆಯಾದ ಬಿಳಿ ಪಟ್ಟೆಯೂ ಅಲಂಕಾರವಲ್ಲ. ಪಟ್ಟೆ ಯಾವ ಕೊನೆಯಲ್ಲಿ ಮೇಲಕ್ಕೇರುವುದೋ ಆ ಕೊನೆಯ ಗೋಡೆ ಬಾಗಿಲಾಗಿ ತೆರೆಯುತ್ತದೆ. ಬಂದರಿನಲ್ಲಿ ಬಂಡಿಯನ್ನೇ ಓರೆಯಾಗಿ ಎತ್ತಿ ಕಲ್ಲಿದ್ದಲನ್ನು ಹಡಗಿಗೆ ಸುರಿಯುವಾಗ ಯಾವ ಕೊನೆ ಮುಂದಾಗಬೇಕೆಂದು ದೂರದಿಂದಲೇ ತಿಳಿಯಬೇಕಲ್ಲವೆ?

ಬಣ್ಣ ಒಣಗಿದ ಮೇಲೆ ಪರೀಕ್ಷೆ. ಬಂಡಿಯನ್ನು ಕವಲು ಹಳಿಯ ಮೇಲೆ ಬೆರಳಿನಿಂದ ನಿಧಾನವಾಗಿ ನೂಕಿ ನೋಡಬೇಕು. ಹಳಿಗಳು ಒಂದನ್ನೊಂದು ದಾಟುವೆಡೆ ಒಂದು ಗಾಲಿಯ ಏಣು ಹಳಿಯ ಮೂತಿಗೆ ಬಡಿಯದಂತೆ ತಡೆಯುವುದು, ಎದುರು ಪಕ್ಕದಲ್ಲಿ ಇನ್ನೊಂದು ಗಾಲಿಯ ಬೆನ್ನನ್ನು ಹಿಡಿದೆಳೆಯುವ ಕಾವಲು ಹಳಿ. ಎರಡು ಗಾಲಿಗಳ ಬೆನ್ನುಗಳ ನಡುವೆ ಇರಬೇಕಾದ 17.75 ಮಿಲಿಮೀಟರು ಹತ್ತರಲ್ಲಿ ಎರಡು ಪಾಲು ತಪ್ಪಿದರೂ ಇಲ್ಲಿ ಬಯಲಾಗುತ್ತದೆ. ಬಂಡಿ ತಪ್ಪಿದರೆ ಎತ್ತಿ ಹಿಂದುಮುಂದಾಗಿ ತಿರುಗಿಸಿ ಮತ್ತೆ ನೂಕಿ. ಬೇರೆ ಗಾಲಿಯಾದರೂ ಅದೇ ಜಾಗದಲ್ಲಿ ಬಿದ್ದರೆ ದೋಷ ಹಳಿಯದು. ಎಲ್ಲಿ ಹೋದರೂ ಅದೇ ಗಾಲಿ ಬೀಳುವುದಾದರೆ ಬಂಡಿಯನ್ನು ಮತ್ತೆ ಮೇಜಿಗೆ ತನ್ನಿ. ನಮ್ಮ ಮೊದಲ ಬಂಡಿ ಹೀಗೆ ನಾಲ್ಕು ಸಲ ಮೇಜಿಗೆ ಬಂದಿತು.