ಕೊಂಗಾ: ಅಂಗೈಯ ತಾಳ

ಯಲ್ಲಮ್ಮನ ಜಾತ್ರೆಯಲ್ಲಿ ಡೊಳ್ಳು ಕೇಳಿ ಬೆಳೆದ ನನ್ನ ಮೊಮ್ಮಗ ಈಗ ಆರ್ಕೆಸ್ಟ್ರಾದಲ್ಲಿ ಕೊಂಗಾ ಬಾರಿಸುತ್ತಾನೆ. ಮೊದಲ ಸಲ ಡೊಳ್ಳಿನಂತೆಯೇ ಬಲ ಹಾಕಿ ಬಾರಿಸಿದ. ಅಂಗೈ ಬಾತವು, ಹಾಡುವವಳ ದನಿಯೂ ಕೇಳಿಸಲಿಲ್ಲ.

ಕೊಂಗಾ ಕ್ಯೂಬಾ ದೇಶದ್ದು. ಆಫ್ರಿಕದಿಂದ ಗುಲಾಮರಾಗಿ ಅಲ್ಲಿಗೆ ಹೋದವರ ವಾದ್ಯಗಳಿಂದ ಬೆಳೆದದ್ದು. ನಡು ಉಬ್ಬಿದ ಎತ್ತರದ ಪೀಪಾಯಿ, ಮೇಲೆ ಮಾತ್ರ ಚರ್ಮ. ಡೊಳ್ಳಿಗೆ ಒಂದು ಕಡೆ ಕೋಲು ಬೇಕು, ಇದಕ್ಕೆ ಎರಡೂ ಕೈ ಸಾಕು. ಬೆರಳು ಅಂಚಿಗೆ ಬಿದ್ದು ಕೂಡಲೇ ಎದ್ದರೆ ತುಂಬಿದ ನಾದ. ಚಪ್ಪರಿಸಿದರೆ 'ಟಪ್'. ಅಂಗೈ ನಡುವಿಗೆ ಬಿದ್ದರೆ 'ಗುಮ್'.

ರಾಕ್ ಹಾಡಿನ ನಾಲ್ಕು ಎಣಿಕೆಯಲ್ಲಿ ಎರಡಕ್ಕೂ ನಾಲ್ಕಕ್ಕೂ ಡ್ರಮ್ ಸೆಟ್ಟಿನವನ ಪೆಟ್ಟು ಬೀಳುತ್ತದೆ. ಕೊಂಗಾದವನು ಎಲ್ಲ ಎಣಿಕೆಗೂ ಜೋರು ಮಾಡಿದರೆ ಬರೀ ಗದ್ದಲ. ಕ್ಯೂಬಾದವರ 'ತುಂಬಾವೊ' ಎಂಬ ನಡೆಯಲ್ಲಿ ಎರಡಕ್ಕೆ ಚಪ್ಪರಿಕೆ, ನಾಲ್ಕಕ್ಕೂ ಅದರ ನಂತರದ ಅರ್ಧಕ್ಕೂ ತುಂಬಿದ ನಾದ. ಉಳಿದೆಡೆ ಎಡಗೈ ಚರ್ಮದ ಮೇಲೆ ಮೆಲ್ಲಗೆ ತೂಗುತ್ತಿರುತ್ತದೆ. ಕೇಳಿಸದ ಆ ತೂಗಾಟವೇ ಲಯ ಹಿಡಿಯುವುದು. ನೋಟು ಎಣಿಸಿ ಸವೆದ ನನ್ನ ಬೆರಳಿಗೆ ಅದು ಬೇಗ ತಿಳಿಯಿತು, ಹುಡುಗನಿಗೆ ತಡವಾಯಿತು!

1968ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ 'ಸಿಂಪಥಿ ಫಾರ್ ದ ಡೆವಿಲ್' ಹಾಡಿಗೆ ಕೊಂಗಾ ಜೀವ ತುಂಬಿತು. 1969ರಲ್ಲಿ ಅಮೆರಿಕದ ವುಡ್‌ಸ್ಟಾಕ್ ಉತ್ಸವದಲ್ಲಿ ಸಂತಾನಾ ತಂಡ ಅದನ್ನು ಲಕ್ಷಾಂತರ ಜನರಿಗೆ ಕೇಳಿಸಿತು. ಮುಂಬಯಿಯ ಚಿತ್ರಗೀತೆಗಳಲ್ಲಿ ಕಾವಸ್ ಲಾರ್ಡ್ ಬೊಂಗೊ, ಕೊಂಗಾ ಬಾರಿಸಿದರು. ರೇಡಿಯೋದಲ್ಲಿ ಕೇಳಿ ತಲೆದೂಗಿದ ನಮಗೆ ಅವರ ಹೆಸರೇ ಗೊತ್ತಿರಲಿಲ್ಲ.

ಬಾರಿಸಿದ ಮೇಲೆ ಚರ್ಮದ ಬಿಗಿತ ಸಡಿಲಿಸಿ ಇಡಬೇಕು. ನಮ್ಮ ಜತ್ತದ ಬಿಸಿಲಿಗೆ ಬಿಗಿದ ಚರ್ಮ ಇನ್ನೂ ಬಿಗಿದು ಹರಿಯುವುದುಂಟು.